ಹೂ ಬಿಟ್ಟದ್ದು ಕತ್ತಾಳೆಯೋ, ಲೋಳೆಸರವೋ?

ಎಲ್ಲರಿಗೂ ನಮಸ್ಕಾರ. ಚೆಂದಕ್ಕೆ ಅಂತ ಕುಂಡದಲ್ಲಿ ಬೆಳೆಸುವ ಅಲೋ ಗಿಡಗಳಿಗೆ ನಿಮ್ಮ ಕಡೆ ಏನಂತಾರೆ? ಮುಖಕ್ಕೆ, ಕೂದಲಿಗೆ ಹಚ್ಚುವ ಲೋಳೆಸರ ಅಲ್ಲ. ಬಿಳಿ ಚುಕ್ಕೆ, ಪಟ್ಟೆ ಇರುವ ಅದರ ದಾಯಾದಿಗಳ ಬಗ್ಗೆ ಕೇಳುತ್ತಿದ್ದೇನೆ.

ಕೇಳಲು ಕಾರಣ ಇದೆ. ಪುಣೆಯ ನಮ್ಮ ಬಾಲ್ಕನಿಯಲ್ಲಿ ಅಂಥದ್ದೊಂದು ಚುಕ್ಕೆಯ ಗಿಡ ಇತ್ತು. ಸೋಲಾಪುರ ರಸ್ತೆಯಲ್ಲಿ ಉರುಳಿ ಕಾಂಚನ್ ಕಡೆಯ ನರ್ಸರಿಯಿಂದ ತಂದು ಮೂರು ವರ್ಷ ಸಾಕಿದ್ದೆ. ಹೋದ ಚಳಿಗಾಲ ಮೊದಲ ಸಲ ಹೂವಿನ ದಂಟು ಎದ್ದಿತು. ಅದೇ ಹೊತ್ತಿಗೆ ಊರಿಗೆ ಹೋಗಬೇಕಾಯಿತು. ಗಿಡಗಳನ್ನು ನೋಡಿಕೊಳ್ಳಿ ಅಂತ ಪಕ್ಕದ ಮನೆಯ ಅಜ್ಜಿಗೆ ಹೇಳಿಹೋದೆ. ಅವರೂ ನಮ್ಮ ಧಾರವಾಡದ ಕಡೆಯವರೇ. ಬಂದು ನೋಡಿದರೆ ಕುಂಡ ಖಾಲಿ! ಕೇಳಿದ್ದಕ್ಕೆ, "ಕತ್ತಾಳಿ ಹೂ ಬಿಟ್ಟಿತ್ತವಾ, ಇನ್ನ ಸಾಯೋದ ಅದು. ಅದಕ್ಕ ಕಿತ್ತ ತಗದೆ" ಅಂದರು.

ಅಜ್ಜಿ ಹೇಳಿದ್ದು ಕತ್ತಾಳೆಯ ಮಟ್ಟಿಗೆ ಪೂರ್ತಿ ನಿಜ. ಹೊಲದ ಬದುವಿನ ಕತ್ತಾಳೆ ಎಷ್ಟೋ ವರ್ಷಕ್ಕೊಮ್ಮೆ ನಟ್ಟನಡುವಿನಿಂದ ಕಂಬದಂಥ ದಂಟು ಎತ್ತಿ, ಹೂ ಬಿಟ್ಟು, ಒಣಗಿಹೋಗುತ್ತದೆ. ಅಲೋ ಹಾಗಲ್ಲ. ಎಲೆಗಳ ಸಂದಿಯಿಂದ ದಂಟು ಬರುತ್ತದೆ, ಹೂ ಬಾಡುತ್ತದೆ, ಗಿಡ ಉಳಿಯುತ್ತದೆ. ಮತ್ತೆ ಮುಂದಿನ ವರ್ಷ ಹೂವು. ಎಲೆ ಸೀಳಿ ನೋಡಿದರೂ ಗೊತ್ತಾಗುತ್ತದೆ. ಕತ್ತಾಳೆಯಲ್ಲಿ ಹಗ್ಗ ಹೊಸೆಯುವಂಥ ನಾರು, ಅಲೋದಲ್ಲಿ ಬರೀ ಲೋಳೆ. ಹೆಸರು ತಪ್ಪಿದ್ದಕ್ಕೆ ನನ್ನ ಗಿಡ ಹೋಯಿತು.

ಅಜ್ಜಿಯದು ಸುಮ್ನೆ ಬಾಯಿತಪ್ಪು ಅಂದುಕೊಂಡಿದ್ದೆ. ಆಮೇಲೆ ಮೇಲಿನ ಮಹಡಿಯ ತಮಿಳಿನವರು ಒಂದು ಮಾತು ಹೇಳಿದರು. ಅವರಲ್ಲಿ ಕತ್ತಾಳೈ ಅಂದರೆ ಲೋಳೆಸರವೇ ಅಂತೆ! ಬರೆಯುವಾಗ ಕಟ್ರಾಳೈ ಅನ್ನುತ್ತಾರೆ. ಮಲಯಾಳದ ಕಟ್ಟಾರ್‌ವಾಳವೂ ಅದೇ ಗಿಡ. ಇನ್ನೊಂದು ವಿಷಯ. ನಾವು ಕತ್ತಾಳೆ ಅನ್ನುವ ಗಿಡ ಅಮೆರಿಕ ಖಂಡದ್ದು. ಮೆಕ್ಸಿಕೋ ಅದರ ತವರು. ಯುರೋಪಿನ ಹಡಗುಗಳು ಅತ್ತ ಹೋಗಿಬಂದ ಮೇಲೆಯೇ ಅದು ಈ ಕಡೆ ಬಂದಿರಬೇಕು. ಅಂದರೆ ಗಿಡಕ್ಕಿಂತ ಪದ ಹಳೆಯದು ಅಲ್ವಾ? ನನ್ನ ಊಹೆ ಇಷ್ಟು: ಕತ್ತಾಳೆ ಮೊದಲು ಲೋಳೆಸರದ ಹೆಸರೇ ಆಗಿತ್ತು. ಹೊರಗಿನಿಂದ ಬಂದ ಮುಳ್ಳಿನ ಗಿಡ ನೋಡಲು ಹಾಗೇ ಇದ್ದುದರಿಂದ ಆ ಹೆಸರನ್ನು ತಾನು ತೆಗೆದುಕೊಂಡಿತು. ಯುರೋಪಿನವರೂ ಮೊದಲು ಅದನ್ನು ಅಮೆರಿಕದ ಅಲೋ ಅಂತಲೇ ಕರೆಯುತ್ತಿದ್ದರು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಅದಕ್ಕೆ ಅಗಾವೆ ಅನ್ನುವ ಬೇರೆ ಹೆಸರು ಕೊಟ್ಟ. ಹಳಗನ್ನಡ, ನಡುಗನ್ನಡ ಓದಿದವರು ದಯವಿಟ್ಟು ಹೇಳಿ: ಅಲ್ಲಿ ಕತ್ತಾಳೆ ಎಲ್ಲಾದರೂ ಲೋಳೆಸರದ ಅರ್ಥದಲ್ಲಿ ಸಿಗುತ್ತದೆಯೇ?

ಇಲ್ಲಿನ ಮರಾಠಿಯಲ್ಲಿ ಈ ತೊಡಕಿಲ್ಲ. ಲೋಳೆಸರ ಕೋರಫಡ, ಕತ್ತಾಳೆ ಘಾಯಪಾತ. ನರ್ಸರಿಯ ಮಾಲಿ ನನ್ನ ಗಿಡಕ್ಕೆ 'ಶೋಚಿ ಕೋರಫಡ' ಅಂದಿದ್ದ, ಅಂದರೆ ಶೋಗೆ ಇಡುವ ಲೋಳೆಸರ. ಕೇಳಿದ ಕೂಡಲೇ ಅರ್ಥವಾಗುತ್ತದೆ.

ನಮಗೂ ಲೋಳೆಸರವನ್ನೇ ಇಡೀ ಕುಲದ ಹೆಸರು ಮಾಡಿಕೊಳ್ಳಬಹುದು ಅನ್ನಿಸುತ್ತದೆ. ಮಲ್ಲಿಗೆಯಲ್ಲಿ ಸೂಜಿಮಲ್ಲಿಗೆ, ದುಂಡುಮಲ್ಲಿಗೆ ಇಲ್ಲವೇ? ಹಾಗೆ ಚುಕ್ಕೆ ಲೋಳೆಸರ, ಪಟ್ಟೆ ಲೋಳೆಸರ. ನನ್ನ ಗಿಡದ ಶಾಸ್ತ್ರೀಯ ಹೆಸರು ಅಲೋ ಮ್ಯಾಕ್ಯುಲೇಟಾ. ಲ್ಯಾಟಿನ್ನಿನಲ್ಲಿ ಮ್ಯಾಕ್ಯುಲೇಟಾ ಅಂದರೂ ಚುಕ್ಕೆಯದು ಅಂತಲೇ. 'ಅಲಂಕಾರಿಕ ಲೋಳೆಸರ' ಮಾತ್ರ ಬೇಡ, ಅದು ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಲೋಳೆರಸ ಅಂತ ಬರೆಯುವವರೂ ಇದ್ದಾರೆ. ನನಗೆ ಅದು ಒಳಗಿನ ರಸಕ್ಕೆ ಸರಿ, ಗಿಡಕ್ಕೆ ಲೋಳೆಸರವೇ ಸರಿ. ನಮ್ಮ ಮನೆಯಲ್ಲಿ ಲೋಳಸರ ಅನ್ನುತ್ತಿದ್ದರು.

ಇನ್ನೊಂದು ಪದವೂ ಬೇಕು. ಖಾಲಿ ಕುಂಡದ ಮಣ್ಣು ಕೆದಕಿದಾಗ ಬುಡದ ಒಂದು ಪುಟ್ಟ ಚಿಗುರು ಸಿಕ್ಕಿತು. ಎರಡು ದಿನ ನೆರಳಲ್ಲಿಟ್ಟು, ಕಿತ್ತ ಗಾಯ ಒಣಗಿದ ಮೇಲೆ ನೆಟ್ಟೆ. ಹಸಿ ಗಾಯದಲ್ಲೇ ನೆಟ್ಟರೆ ಕೊಳೆಯುವ ಭಯ. ಅರ್ಧ ಮಣ್ಣು, ಅರ್ಧ ದಪ್ಪ ಮರಳು. ಮಣ್ಣು ಪೂರ್ತಿ ಒಣಗದೆ ನೀರಿಲ್ಲ. ಇಲ್ಲಿನ ಮಳೆಗಾಲ ಬಲು ಜೋರು, ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡ ಸೂರಿನಡಿ ಇತ್ತು. ಈಗ ಏಳು ಎಲೆ ಆಗಿದೆ. ಮಾಲಿ ಇಂಥದ್ದಕ್ಕೆ ಪಿಲ್ಲೂ ಅನ್ನುತ್ತಾನೆ. ಬಾಳೆಗಾದರೆ ನಾವು ಕಂದು ಅನ್ನುತ್ತೇವೆ. ಲೋಳೆಸರಕ್ಕೂ ಕಂದು ಅನ್ನಬಹುದೇ, ಅಥವಾ ಮರಿಯೇ? ಅಜ್ಜಿ ದಿನಾ ಬಂದು ನೋಡಿ ಕೂಸು ಅನ್ನುತ್ತಾರೆ. ನಿಮ್ಮ ಊರಿನ ಮಾತು ಬರೆಯಿರಿ, ಊರಿನ ಹೆಸರನ್ನೂ ಸೇರಿಸಿ.