ಬಂಡೆಯ ವಯಸ್ಸೋ, ಬಂಡೆ ಬಯಲಿಗೆ ಬಿದ್ದ ಕಾಲವೋ?

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ನಾವು ಕೆಲವರು ಸೇರಿ ಹೈಸ್ಕೂಲ್ ಮಕ್ಕಳಿಗೆ ಹಿಮನದಿಗಳ ಬಗ್ಗೆ ಒಂದು ಚಿಕ್ಕ ಪುಸ್ತಕ ಮಾಡುತ್ತಿದ್ದೇವೆ. ಹಿಂದೆ ಹಿಮ ಎಲ್ಲಿಯ ತನಕ ಹಬ್ಬಿತ್ತು, ಯಾವಾಗ ಸರಿಯಿತು ಅಂತ ಲೆಕ್ಕ ಹಾಕೋದು ಹೇಗೆ ಅನ್ನೋ ಪಾಠದಲ್ಲಿ ‘ಎಕ್ಸ್‌ಪೋಶರ್ ಏಜ್’ ಅನ್ನೋ ಮಾತು ಬರುತ್ತದೆ. ಕರಡಿನಲ್ಲಿ ಅದನ್ನು ‘ಬಂಡೆಯ ವಯಸ್ಸು’ ಅಂತ ಬರೆದಿದೆ. ನನಗೆ ಅದು ಸ್ವಲ್ಪವೂ ಒಪ್ಪಿಗೆಯಿಲ್ಲ.

ಯಾಕೆ ಅಂದರೆ, ನಮ್ಮ ಬಳ್ಳಾರಿ ಗುಡ್ಡದ ಗ್ರಾನೈಟನ್ನೇ ತಗೊಳ್ಳಿ. ಅದು ಕಲ್ಲಾಗಿ ಹತ್ತಿರ ಹತ್ತಿರ 250 ಕೋಟಿ ವರ್ಷ ಆಯಿತು. ಬಂಡೆಯ ವಯಸ್ಸು ಅಂದರೆ ಅದು. ಹಿಮನದಿ ಓದುವವರು ಅಳೆಯೋದೇ ಬೇರೆ. ಹಿಮನದಿ ಹೊತ್ತು ತಂದು ಬಿಟ್ಟ ಕಲ್ಲುಮಣ್ಣಿನ ದಿಬ್ಬ ಇರುತ್ತದಲ್ಲ, ಮೊರೇನ್, ಅದರ ನೆತ್ತಿಯ ಮೇಲೆ ಕೂತ ದೊಡ್ಡ ಗುಂಡುಕಲ್ಲು ಹಿಮದಿಂದ ಹೊರಬಿದ್ದು ಎಷ್ಟು ವರ್ಷ ಆಯಿತು ಅನ್ನೋದು ಅವರಿಗೆ ಬೇಕು. ಅಂದಿನಿಂದ ಬಾಹ್ಯಾಕಾಶದಿಂದ ಬರೋ ಕಾಸ್ಮಿಕ್ ಕಿರಣಗಳು ಕಲ್ಲಿಗೆ ಬಡಿಯುತ್ತಲೇ ಇರುತ್ತವೆ, ಬೆಣಚುಕಲ್ಲಿನ ಹರಳಿನಲ್ಲಿರೋ ಆಕ್ಸಿಜನ್ ಪರಮಾಣು ಒಡೆದು ಬೆರಿಲಿಯಂ-10 ಅನ್ನೋ ಪರಮಾಣು ಹುಟ್ಟುತ್ತದೆ. ತೀರಾ ಕಡಿಮೆ. ಧ್ರುವದ ಕಡೆಯ ಸೀಮೆಯಲ್ಲಿ, ಸಮುದ್ರಮಟ್ಟದಲ್ಲಿ, ಒಂದು ಗ್ರಾಂ ಬೆಣಚಿಗೆ ವರ್ಷಕ್ಕೆ ಸುಮಾರು 4 ಪರಮಾಣು ಅಷ್ಟೇ. ಎತ್ತರಕ್ಕೆ ಹೋದಷ್ಟೂ ಜಾಸ್ತಿ. ಗುಂಡಿನ ನೆತ್ತಿಯಿಂದ ಕೆಲವೇ ಸೆಂಟಿಮೀಟರ್ ದಪ್ಪದ ಚೆಕ್ಕೆಯನ್ನು ಉಳಿ ಸುತ್ತಿಗೆಯಲ್ಲಿ ಎಬ್ಬಿಸಿ, ಪುಡಿ ಮಾಡಿ, ಆಸಿಡ್‌ನಲ್ಲಿ ತೊಳೆದು ಬೆಣಚನ್ನು ಬೇರೆ ಮಾಡಿ, ಅದರಲ್ಲಿ ಕೂಡಿಬಿದ್ದಿರೋ ಆ ಪರಮಾಣುಗಳನ್ನು ಎಣಿಸುತ್ತಾರೆ.

ಇದಕ್ಕೆ ಕನ್ನಡದಲ್ಲಿ ಏನನ್ನೋಣ? ‘ಅನಾವರಣ ವಯಸ್ಸು’ ಅಂದರೆ ಪ್ರತಿಮೆ ಅನಾವರಣ ನೆನಪಾಗುತ್ತದೆ. ‘ಬಯಲಾದ ವಯಸ್ಸು’ ಅಂದರೆ ಗುಟ್ಟು ಬಯಲಾದ ಹಾಗೆ. ಒಬ್ಬ ಗೆಳೆಯರು ‘ಬಿಸಿಲು ಕಂಡ ವಯಸ್ಸು’ ಅಂದರು. ಕಿವಿಗೆ ಚೆನ್ನಾಗಿದೆ, ಆದರೆ ಅದರಿಂದ ದೊಡ್ಡ ಗೊಂದಲ ಆಗುತ್ತದೆ. 1985ರಲ್ಲಿ ಹಂಟ್ಲಿ ಮತ್ತು ಸಂಗಡಿಗರು ತೋರಿಸಿಕೊಟ್ಟ ಇನ್ನೊಂದು ವಿಧಾನ ಇದೆ, ಮರಳಿನ ಕಣಕ್ಕೆ ಬೆಳಕು ಬಿಟ್ಟು ಅದು ಹೊಮ್ಮಿಸೋ ಮಿನುಗನ್ನು ಅಳೆಯೋದು. ಅಲ್ಲಿ ಬಿಸಿಲು ಬಿದ್ದರೆ ಲೆಕ್ಕ ಸೊನ್ನೆಯಾಗುತ್ತದೆ. ಕಣ ಮಣ್ಣಲ್ಲಿ ಹೂತು ಕತ್ತಲಾದ ಮೇಲೆ ಎಣಿಕೆ ಶುರು. ಒಂದು ಹೊರಬಿದ್ದ ದಿನದಿಂದ ಎಣಿಸುತ್ತದೆ, ಇನ್ನೊಂದು ಮುಚ್ಚಿಹೋದ ದಿನದಿಂದ. ಗಂಗೋತ್ರಿ ಕಡೆಯ ದಿಬ್ಬಗಳಿಗೆ ಎರಡನ್ನೂ ಬಳಸಿದ್ದಾರೆ. ಹಾಗಾಗಿ ಎರಡು ಪದ ಬೇಕೇಬೇಕು, ಕೇಳಿದ ಕೂಡಲೇ ಮಗುವಿಗೆ ವ್ಯತ್ಯಾಸ ತಿಳಿಯಬೇಕು. ಸದ್ಯಕ್ಕೆ ನನ್ನ ಮನಸ್ಸಲ್ಲಿರೋದು ‘ಹೊರಬಿದ್ದ ಕಾಲ’, ‘ಹೂತ ಕಾಲ’.

ಇನ್ನೊಂದು ಪದ ‘ಇನ್‌ಹೆರಿಟೆನ್ಸ್’. ಹಿಮ ಕಲ್ಲಿನ ಮೈಯನ್ನು ಸಾಕಷ್ಟು ಆಳಕ್ಕೆ, ಅಂದರೆ ಎರಡು ಮೂರು ಮೀಟರ್, ಕೆರೆದು ಹಾಕದಿದ್ದರೆ ಮುಂಚೆ ಸೇರಿದ್ದ ಬೆರಿಲಿಯಂ ಅಲ್ಲೇ ಉಳಿಯುತ್ತದೆ, ಲೆಕ್ಕ ಇದ್ದದ್ದಕ್ಕಿಂತ ಹಳೆಯದಾಗಿ ಬರುತ್ತದೆ. ದಯವಿಟ್ಟು ಇದಕ್ಕೆ ‘ಆನುವಂಶಿಕತೆ’ ಅನ್ನಬೇಡಿ, ಅದು ಜೀವಶಾಸ್ತ್ರದ ಮಾತು. ‘ಹಳೇ ಬಾಕಿ’ ಅಂದರೆ ಸಾಲದಾ? ನಮ್ಮ ಕಡೆ ಅಂಗಡಿ ಲೆಕ್ಕ ಬರೆಯೋರೆಲ್ಲ ಅನ್ನೋ ಮಾತೇ. ಉಲ್ಟಾ ತೊಂದರೆಯೂ ಇದೆ: ಗುಂಡು ಆಮೇಲೆ ಉರುಳಿದರೆ, ಸುತ್ತಲಿನ ಮಣ್ಣು ತೊಳೆದುಹೋಗಿ ತಡವಾಗಿ ಮೇಲೆ ಬಂದರೆ, ಲೆಕ್ಕ ಚಿಕ್ಕದಾಗುತ್ತದೆ. ಅದಕ್ಕೆ ಪದ ಹುಡುಕುತ್ತಿದ್ದೇನೆ.

ಕಲ್ಲಿನ ಮೇಲೆ ಬೆಳೆಯೋ ಲೈಕೆನ್‌ಗೆ ‘ಕಲ್ಲುಹೂವು’ ಅಂತಲೇ ಇಡೋಣ ಅಂತಿದ್ದೇನೆ. 1950ರ ಸುಮಾರಿಗೆ ರೋಲಾಂಡ್ ಬೆಶೆಲ್ ಅದರ ಅಗಲ ನೋಡಿ ದಿಬ್ಬದ ಕಾಲ ಹೇಳೋ ದಾರಿ ತೋರಿಸಿದರು. ಮಸಾಲೆಗೆ ಹಾಕೋದು ಎಲೆ ಎಲೆಯಾಗಿರೋ ಜಾತಿ, ಇದು ಕಲ್ಲಿಗೆ ಪೂರ್ತಿ ಅಂಟಿಕೊಂಡ ಹಳದಿ ಹಸಿರಿನ ಜಾತಿ. ಒಂದು ಸಾಲು ವಿವರಣೆ ಕೊಟ್ಟರೆ ಸಾಕು ಅಲ್ವಾ?

ಮುಖ್ಯವಾಗಿ ಕೇಳಬೇಕಾದದ್ದು ಇದು. ಕುಷ್ಟಗಿ, ಇಳಕಲ್ ಕಡೆ ಕಲ್ಲಿನ ಕ್ವಾರಿಗಳಿವೆ. ಬಹಳ ಕಾಲ ಗಾಳಿ ಬಿಸಿಲಿಗೆ ಬಿದ್ದ ಕಲ್ಲಿನ ಮೈಗೆ ಒಂದು, ಈಗಷ್ಟೇ ಸೀಳಿದ ಮೈಗೆ ಒಂದು ಅಂತ ಅಲ್ಲಿ ಕೆಲಸ ಮಾಡುವವರು ಬೇರೆ ಬೇರೆ ಹೆಸರು ಹೇಳುತ್ತಾರಾ? ನಿಮ್ಮ ಮನೆಯಲ್ಲೋ ಓಣಿಯಲ್ಲೋ ಕಲ್ಲು ಒಡೆಯೋ ಹಿರಿಯರಿದ್ದರೆ ಕೇಳಿ ತಿಳಿಸಿ. ಅವರು ಹೇಳಿದ ಹಾಗೇ ಬರೆಯಿರಿ, ಗ್ರಾಂಥಿಕ ಮಾಡಬೇಡಿ.