ಸಹಾಯ ಬೇಕು: ಮ್ಯೂಸಿಯಂ ಸಂವಾದದಲ್ಲಿ ಮಾತಾಡಬೇಕಿದೆ

ಎಲ್ಲರಿಗೂ ನಮಸ್ಕಾರ್ರೀ. ನಾನು ಗದಗ ಹತ್ತಿರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮೇ 18 ವಸ್ತುಸಂಗ್ರಹಾಲಯ ದಿನ ಅಲ್ವಾ, ಅವತ್ತು ಇಲ್ಲಿನ ಮ್ಯೂಸಿಯಂ ಒಂದರಲ್ಲಿ ಸಾರ್ವಜನಿಕ ಸಂವಾದ ಇದೆ. ಊರಲ್ಲಿ ಸಿಕ್ಕ ಶಿಲ್ಪ ಊರಲ್ಲೇ ಇರಬೇಕೋ, ಮ್ಯೂಸಿಯಂಗೆ ಹೋಗಬೇಕೋ ಅನ್ನೋದು ವಿಷಯ. ನನ್ನನ್ನೂ ಕರೆದಿದ್ದಾರೆ. ಉಳಿದವರೆಲ್ಲ ಪ್ರೊಫೆಸರ್‌ಗಳು!

ನಾನು ಗದಗ ಹತ್ತಿರದ ಲಕ್ಕುಂಡಿಯ ಉದಾಹರಣೆ ಕೊಡಬೇಕು ಅಂದುಕೊಂಡಿದ್ದೇನೆ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ಪಕ್ಕದಲ್ಲೇ ಶಿಲ್ಪಗಳ ಗ್ಯಾಲರಿ ಇದೆ. ಒಳಗೆ ಮೂರ್ತಿ ನೋಡಿ ಹೊರಬಂದರೆ ಗುಡಿ ಅಲ್ಲೇ ಇರುತ್ತದೆ. ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ. ದೂರದ ಶಹರದ ಗಾಜಿನ ಪೆಟ್ಟಿಗೆಯಲ್ಲಿ ಅದು ಆಗಲ್ಲ, ನನ್ನ ಮಟ್ಟಿಗಂತೂ. ಇನ್ನು ಅದೇ ಊರಿನ ಮಣಿಕೇಶ್ವರ ಗುಡಿ ಮುಂದಿನ ಮುಸುಕಿನ ಬಾವಿ. ಮೆಟ್ಟಿಲು, ಗೋಡೆಯಲ್ಲಿನ ಪುಟ್ಟ ಗುಡಿಗಳು, ನೀರು ಎಲ್ಲ ಸೇರಿದರೇನೇ ಅದು ಬಾವಿ. ಅದನ್ನು ಎಲ್ಲಿಗೆ ಒಯ್ಯುತ್ತೀರಿ?

ಆದರೆ ಬಯಲಲ್ಲಿ ಬಿಟ್ಟ ಕಲ್ಲು ಸವೆಯುತ್ತದೆ, ಕಳುವೂ ಆಗುತ್ತದೆ. ಈ ಮಾತು ಬಂದರೆ ಏನು ಹೇಳಲಿ? ಕಾವಲು, ಖರ್ಚು ಯಾರದು? ನೆಲದಲ್ಲಿ ಸಿಕ್ಕ ಹಳೆಯ ವಸ್ತುಗಳ ಕಾನೂನು ಬಲ್ಲ ವಕೀಲರು ಇದ್ದರೆ ಸ್ವಲ್ಪ ತಿಳಿಸಿ.

ಲಕ್ಕುಂಡಿ ಕಡೆಯವರ ಹತ್ತಿರ ಬಾವಿಗಳ ಹಳೆಯ ಫೋಟೋ ಇದ್ದರೆ ಕಳಿಸಿ. ಯಾವ ವರ್ಷದ್ದು ಅಂತ ಬರೆಯಿರಿ, ನಿಮ್ಮ ಹೆಸರು ಹೇಳಿಯೇ ತೋರಿಸುತ್ತೇನೆ.

ಇಂಥ ಸಂವಾದದಲ್ಲಿ ಕೂತವರು ಇನ್ನೊಂದು ಹೇಳಿ. ಹತ್ತು ನಿಮಿಷಕ್ಕೆ ಸ್ಲೈಡ್ ಬೇಕಾ? ಮಧ್ಯೆ ಯಾರಾದರೂ ಮಾತು ಕಸಿದುಕೊಂಡರೆ ಹಿರಿಯರಿಗೆ ಬೇಜಾರಾಗದಂತೆ ಮೈಕ್ ವಾಪಸ್ ಪಡೆಯೋದು ಹೇಗೆ? ಸುಮ್ನೆ ಧೈರ್ಯ ಹೇಳಬೇಡಿ, ಉಪಾಯ ಹೇಳ್ರಿ.