ಸಿಐಎಫ್ ಟ್ರಿಯೆಸ್ಟೆ ಒಪ್ಪಂದ: ಸಮುದ್ರದಲ್ಲಿ ಕಾಫಿ ಹಾಳಾದರೆ ನಷ್ಟ ಯಾರದು?

ಸಕಲೇಶಪುರದ ಬೆಳೆಗಾರ:
ಮೂರು ತೋಟಗಳ ಅರೇಬಿಕಾ ಸೇರಿಸಿ ಇದೇ ಮೊದಲ ಬಾರಿಗೆ ನಾವೇ ನೇರವಾಗಿ ರಫ್ತು ಮಾಡಲು ಹೊರಟಿದ್ದೇವೆ. ಹಾಸನದಲ್ಲಿ ಕ್ಯೂರಿಂಗ್ ಮುಗಿದಿದೆ. ಇಪ್ಪತ್ತು ಅಡಿಯ ಒಂದು ಕಂಟೇನರ್, 60 ಕಿಲೋದ 320 ಗೋಣಿಚೀಲ, ಒಟ್ಟು 19.2 ಟನ್. ಇಟಲಿಯ ಖರೀದಿದಾರರು ಕರಡು ಒಪ್ಪಂದದಲ್ಲಿ ‘ಸಿಐಎಫ್ ಟ್ರಿಯೆಸ್ಟೆ’ ಎಂದು ಬರೆದಿದ್ದಾರೆ. ಅಂದರೆ ಟ್ರಿಯೆಸ್ಟೆ ಬಂದರಿನವರೆಗಿನ ಹಡಗಿನ ಬಾಡಿಗೆ, ವಿಮೆ ಎರಡೂ ನಮ್ಮ ಪಾಲಿಗೆ. ಅಲ್ಲಿಯವರೆಗೆ ಬಾಡಿಗೆ ಕೊಡುವವರು ನಾವಾದ ಮೇಲೆ ನಷ್ಟವೂ ಅಲ್ಲಿಯವರೆಗೆ ನಮ್ಮದೇ ಎಂದು ಭಾವನವರು ಹೆದರಿಸುತ್ತಿದ್ದಾರೆ. ಬಾಡಿಗೆ, ವಿಮೆ ಎರಡನ್ನೂ ಖರೀದಿದಾರರೇ ನೋಡಿಕೊಳ್ಳುವ ‘ಎಫ್‌ಒಬಿ ಮಂಗಳೂರು’ ಎಂದು ಬದಲಾಯಿಸಿದರೆ ಕ್ಷೇಮವೇ? ಬಲ್ಲವರು ತಿಳಿಸಿ.

ಕಾಳುಮೆಣಸು:
ನಿಮ್ಮ ಭಾವ ಹೇಳಿದ್ದೇ ಸರಿ. ಬಾಡಿಗೆ ಕಟ್ಟಿದವನೇ ಹೊಣೆ. ಎಫ್‌ಒಬಿ ಮಾಡಿಸಿಕೊಳ್ಳಿ, ನಿಶ್ಚಿಂತೆ.

ಪಣಂಬೂರಿನ ಹಳಬ:
ನಿಶ್ಚಿಂತೆ ಎಲ್ಲಿಯದು ಮಾರಾಯರೇ? ಕಸ್ಟಮ್ಸ್ ಏಜೆಂಟ್ ಕೆಲಸದಲ್ಲೇ ತಲೆ ನರೆತವನು ನಾನು. ಈ ‘ಬಾಡಿಗೆ ಕಟ್ಟಿದವನೇ ಹೊಣೆ’ ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿದೆ.

ಸಿಐಎಫ್‌ನಲ್ಲಿ ಖರ್ಚು ಒಂದು ಕಡೆ ನಿಲ್ಲುತ್ತದೆ, ಹೊಣೆ ಇನ್ನೊಂದು ಕಡೆ ದಾಟುತ್ತದೆ. ಟ್ರಿಯೆಸ್ಟೆಯವರೆಗಿನ ಬಾಡಿಗೆ ನಿಮ್ಮದು, ನಿಜ. ಆದರೆ ಕಂಟೇನರ್ ಇಲ್ಲಿ ಹಡಗಿನ ಮೇಲೆ ಕುಳಿತ ಕ್ಷಣದಿಂದ ನಷ್ಟದ ಭಯ ಖರೀದಿದಾರನದು. ಕೊಲಂಬೊದಲ್ಲಿ ದೊಡ್ಡ ಹಡಗಿಗೆ ಬದಲಾಯಿಸುವಾಗ ಬಿದ್ದು ಒಡೆದರೂ ಅವನು ನಿಮಗೆ ಹಣ ಕೊಡಬೇಕು; ನೀವು ಮಾಡಿಸಿಕೊಟ್ಟ ಪಾಲಿಸಿ ಹಿಡಿದು ವಿಮಾ ಕಂಪನಿಯಿಂದ ತನ್ನ ನಷ್ಟ ವಸೂಲಿ ಮಾಡಿಕೊಳ್ಳಬೇಕು. ಎಫ್‌ಒಬಿಯಲ್ಲೂ ಹೊಣೆ ದಾಟುವುದು ಅದೇ ಹಡಗಿನ ಮೇಲೆಯೇ. ಹಾಗಾಗಿ ಬದಲಾಯಿಸಿದರೆ ಉಳಿಯುವುದು ಬಾಡಿಗೆ ಮತ್ತು ವಿಮೆಯ ಖರ್ಚು, ಅಷ್ಟೆ. ಕೆಂಪು ಸಮುದ್ರದ ಗಲಾಟೆಯಿಂದ ಹಡಗುಗಳು ಆಫ್ರಿಕಾ ಸುತ್ತಿಕೊಂಡು ಹೋಗತೊಡಗಿದಾಗ, ಹಳೆಯ ಬಾಡಿಗೆಯ ಲೆಕ್ಕದಲ್ಲಿ ಸಿಐಎಫ್ ದರ ಒಪ್ಪಿದ್ದವರು ಹೆಚ್ಚುವರಿಯನ್ನು ಕೈಯಿಂದಲೇ ತುಂಬಬೇಕಾಯಿತು. ಹೆದರುವುದಾದರೆ ಅದಕ್ಕೆ ಹೆದರಿ.

ಇನ್ನೊಂದು ತೊಡಕು ಇರುವುದು ದಡದಲ್ಲೇ. ಹಾಸನದಿಂದ ಶಿರಾಡಿ ಘಾಟಿ ಇಳಿದು ಬಂದ ಕಂಟೇನರ್ ನೇರವಾಗಿ ಹಡಗು ಹತ್ತುವುದಿಲ್ಲ. ಯಾರ್ಡ್‌ನಲ್ಲಿ ಬಿಟ್ಟು ರಸೀದಿ ತೆಗೆದುಕೊಂಡ ಮೇಲೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಹಡಗು ತಡವಾದರೆ ಜುಲೈ ಮಳೆಯಲ್ಲಿ ಅದು ಅಲ್ಲೇ ನಿಲ್ಲುತ್ತದೆ. ಎಫ್‌ಒಬಿ ಇರಲಿ, ಸಿಐಎಫ್ ಇರಲಿ, ಆ ಹೊತ್ತಿನ ಹೊಣೆ ನಿಮ್ಮದೇ. ಪ್ಯಾರಿಸ್‌ನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಿಂದ ‘ಇನ್‌ಕೋಟರ್ಮ್ಸ್’ ಎಂಬ ಈ ನಿಯಮಗಳನ್ನು ಪ್ರಕಟಿಸುತ್ತಿದೆ. ಎಫ್‌ಒಬಿ, ಸಿಐಎಫ್ ಎರಡೂ ಕಂಟೇನರ್ ಸರಕಿಗೆ ಹೊಂದುವುದಿಲ್ಲ ಎಂದು ಆ ಮಂಡಳಿಯೇ ಹೇಳುತ್ತದೆ. ಎಫ್‌ಒಬಿ ಬದಲು ಎಫ್‌ಸಿಎ (ಬಾಡಿಗೆ ಖರೀದಿದಾರನದು), ಸಿಐಎಫ್ ಬದಲು ಸಿಐಪಿ (ಬಾಡಿಗೆ, ವಿಮೆ ನಿಮ್ಮದು) ಕೇಳಿ. ಅವುಗಳಲ್ಲಿ ಸಾಗಣೆದಾರನಿಗೆ ಒಪ್ಪಿಸಿದಲ್ಲೇ ನಿಮ್ಮ ಹೊಣೆ ಮುಗಿಯುತ್ತದೆ. ಆ ಸ್ಥಳದ ಹೆಸರನ್ನು ಒಪ್ಪಂದದಲ್ಲಿ ಬರೆಸಿ.

ಸಕಲೇಶಪುರದ ಬೆಳೆಗಾರ:
ತುಂಬ ಉಪಕಾರವಾಯಿತು ಸರ್. ಎಫ್‌ಸಿಎ ಅವರು ಒಪ್ಪಲಾರರು, ಬಾಡಿಗೆ ನಮ್ಮಿಂದಲೇ ಆಗಬೇಕಂತೆ. ಸಿಐಪಿಗೆ ವಿಮೆಯ ಖರ್ಚು ಹೆಚ್ಚೇ?

ಹ್ಯಾಂಬರ್ಗ್ ಕನ್ನಡಿಗ:
ನಾನು ಆಮದು ಮಾಡುವವರ ಕಡೆ ಕೆಲಸ ಮಾಡುತ್ತೇನೆ, ಇಲ್ಲಿಂದ ಕಾಣುವುದನ್ನು ಹೇಳುತ್ತೇನೆ. ಪ್ರೀಮಿಯಂ ಹೆಚ್ಚು, ಆದರೆ ರಕ್ಷಣೆಯೂ ಹೆಚ್ಚು. ಇನ್‌ಕೋಟರ್ಮ್ಸ್ 2020ರ ಪ್ರಕಾರ ಎರಡರಲ್ಲೂ ಸರಕಿನ ಬೆಲೆಯ ಕನಿಷ್ಠ ಶೇ 110ಕ್ಕೆ ವಿಮೆ ಇರಬೇಕು. ಆದರೆ ಸಿಐಎಫ್‌ಗೆ ‘ಸಿ’ ವರ್ಗದ ಷರತ್ತು ಸಾಕು: ಬೆಂಕಿ, ಮುಳುಗಡೆ, ಡಿಕ್ಕಿಯಂಥವು ಮಾತ್ರ. ಕಳವಿಲ್ಲ, ಒಳಗೆ ನುಗ್ಗಿದ ಸಮುದ್ರದ ನೀರಿಲ್ಲ. ಸಿಐಪಿಗೆ ವಿಶಾಲವಾದ ‘ಎ’ ವರ್ಗ ಬೇಕು. ಯುದ್ಧದ ಅಪಾಯ ಎರಡರಲ್ಲೂ ಸೇರಿಲ್ಲ; ಖರೀದಿದಾರ ಕೇಳಿದರೆ ಅವನ ಖರ್ಚಿನಲ್ಲೇ ಮಾಡಿಸಿ.

ಎಷ್ಟು ವಿಮೆ ಇದ್ದರೂ ಬೆವರಿನ ಜಗಳ ತಪ್ಪುವುದಿಲ್ಲ. ಬಿಸಿ ಬಂದರಿನಿಂದ ತಣ್ಣನೆಯ ಬಂದರಿಗೆ ಬಂದಾಗ ಕಂಟೇನರ್‌ನ ಮಾಡಿನಿಂದ ನೀರು ತೊಟ್ಟಿಕ್ಕಿ ಮೇಲಿನ ಸಾಲಿನ ಚೀಲಗಳಿಗೆ ಬೂಷ್ಟು ಹಿಡಿಯುತ್ತದೆ. ಬೀಜದ ತೇವಾಂಶ ಶೇ 12.5 ಮೀರಿದ್ದರೆ, ಒಳಗೆ ಕ್ರಾಫ್ಟ್ ಕಾಗದ ಹೊದಿಸಿರದಿದ್ದರೆ, ವಿಮೆಯವರು ‘ಪ್ಯಾಕಿಂಗ್ ದೋಷ’ ಎಂದು ಕೈ ತೊಳೆದುಕೊಳ್ಳುತ್ತಾರೆ, ಖರೀದಿದಾರ ನಿಮ್ಮ ಕಡೆ ತಿರುಗುತ್ತಾನೆ. ಹೊಣೆ ಮಂಗಳೂರಿನಲ್ಲೇ ದಾಟಿತ್ತು ಎಂಬ ವಾದ ಆಗ ನಡೆಯದು. ತುಂಬುವಾಗ ಬಾಗಿಲು ಮುಚ್ಚುವ ಮುನ್ನ ಫೋಟೊ ತೆಗೆಸಿ, ತೇವಾಂಶದ ವರದಿ ಇಟ್ಟುಕೊಳ್ಳಿ.

ಪಣಂಬೂರಿನ ಹಳಬ:
ಇವರು ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. ಪಾಲಿಸಿ ಹಾಸನದ ಗೋದಾಮಿನಿಂದಲೇ ಆರಂಭವಾಗಲಿ. ಘಾಟಿಯಲ್ಲಿ ಲಾರಿ ಮಗುಚಿದರೆ ನಷ್ಟ ನಿಮ್ಮದೇ ತಾನೆ. ಸರಕಿನ ಒಡೆತನ ಯಾವಾಗ ದಾಟುತ್ತದೆ, ಹಣ ಯಾವಾಗ ಬರಬೇಕು ಎಂಬುದನ್ನು ಈ ನಿಯಮಗಳು ಹೇಳುವುದೇ ಇಲ್ಲ. ಅವನ್ನು ಒಪ್ಪಂದದಲ್ಲಿ ಬೇರೆಯಾಗಿ ಬರೆಸಿಕೊಳ್ಳಿ, ‘ಇನ್‌ಕೋಟರ್ಮ್ಸ್ 2020’ ಎಂಬ ಇಸವಿಯನ್ನೂ ಬಿಡಬೇಡಿ. ಭಾವನವರಿಗೆ ನನ್ನ ನಮಸ್ಕಾರ ತಿಳಿಸಿ.